ಲಿಂಕನ್ ಬಲಪಡಿಸಿದ್ದು ಯಾರನ್ನು?

ಅಬ್ರಹಾಂ ಲಿಂಕನ್ ಮೇಲೆ ಅಮೆರಿಕದಲ್ಲಿ ಹಳೆಯ ಆಪಾದನೆಯೊಂದಿದೆ. 1861ರಿಂದ 1865ರವರೆಗಿನ ಅಂತರ್ಯುದ್ಧದ ನೆಪದಲ್ಲಿ ರಾಜ್ಯಗಳ ಅಧಿಕಾರವನ್ನು ಆತ ವಾಷಿಂಗ್ಟನ್ನಿಗೆ ಎಳೆದುಕೊಂಡ, ಕಂಪನಿಗಳಿಗೆ ಖಜಾನೆ ತೆರೆದುಕೊಟ್ಟ ಎಂಬುದು ಅದರ ತಿರುಳು. ಇದರಲ್ಲಿ ನಿಜವಿದೆ. ಆದರೆ ಆಪಾದಿಸುವವರು ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಯುದ್ಧಕ್ಕೆಂದು ಪಡೆದ ಅಧಿಕಾರ ಬಹುಪಾಲು ಯುದ್ಧದೊಂದಿಗೇ ಕರಗಿತು. ಉಳಿದು ಬೆಳೆದದ್ದು ಯುದ್ಧಕ್ಕೆ ಮೊದಲೇ ಲಿಂಕನ್ ನಂಬಿದ್ದ ಆರ್ಥಿಕ ಕಾರ್ಯಕ್ರಮ.

ಮೊದಲನೆಯದನ್ನು ನೋಡಿ. 1861ರಲ್ಲಿ ಸಂಸತ್ತನ್ನು ಕೇಳದೆಯೇ ಆತ, ಬಂಧಿತರನ್ನು ನ್ಯಾಯಾಲಯದ ಮುಂದೆ ತರಬೇಕೆನ್ನುವ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತಿನಲ್ಲಿಟ್ಟ. ಸಾವಿರಾರು ನಾಗರಿಕರು ವಿಚಾರಣೆಯಿಲ್ಲದೆ ಸೆರೆಯಾದರು. ಇದು ಸಣ್ಣ ತಪ್ಪಲ್ಲ. ಆದರೂ ನಾಗರಿಕ ನ್ಯಾಯಾಲಯಗಳು ನಡೆಯುತ್ತಿರುವ ಕಡೆ ಸೇನಾ ನ್ಯಾಯಾಲಯ ನಾಗರಿಕರನ್ನು ವಿಚಾರಿಸಕೂಡದೆಂದು 1866ರಲ್ಲೇ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹತ್ತು ಲಕ್ಷದಷ್ಟಿದ್ದ ಸೇನೆಯಿಂದ ಸುಮಾರು 8 ಲಕ್ಷ ಮಂದಿ 1865ರ ನವೆಂಬರಿನೊಳಗೆ ಮನೆಗೆ ಮರಳಿದರು. ಯುದ್ಧದ ಖರ್ಚಿಗೆಂದು ಬಂದ ಆದಾಯ ತೆರಿಗೆಯೂ 1872ರಲ್ಲಿ ರದ್ದಾಯಿತು.

ಎರಡನೆಯದರ ಕಥೆಯೇ ಬೇರೆ. ದಕ್ಷಿಣದ ಸದಸ್ಯರು ಎದ್ದುಹೋಗಿದ್ದ ಸಂಸತ್ತು 1862ರಲ್ಲಿ ಪೆಸಿಫಿಕ್ ರೈಲ್ವೆ ಕಾಯ್ದೆಯನ್ನೂ ಮರುವರ್ಷ ರಾಷ್ಟ್ರೀಯ ಬ್ಯಾಂಕುಗಳ ಕಾಯ್ದೆಯನ್ನೂ ಮಾಡಿತು. ಇಲಿನಾಯ್‌ನಲ್ಲಿ ರೈಲ್ವೆ ಕಂಪನಿಗಳ ಪರ ವಕಾಲತ್ತು ಮಾಡಿದ್ದ ಲಿಂಕನ್ ಇವಕ್ಕೆ ಮನಃಪೂರ್ವಕ ಸಹಿ ಹಾಕಿದ. ಹಾಕಿದ ಪ್ರತಿ ಮೈಲಿ ಹಳಿಗೆ ಯೂನಿಯನ್ ಪೆಸಿಫಿಕ್ ಮತ್ತು ಸೆಂಟ್ರಲ್ ಪೆಸಿಫಿಕ್ ಕಂಪನಿಗಳಿಗೆ 6,400 ಎಕರೆ ಭೂಮಿ, ಜೊತೆಗೆ 16,000ದಿಂದ 48,000 ಡಾಲರುಗಳ ಸರ್ಕಾರಿ ಬಾಂಡು ಸಾಲ. 1864ರಲ್ಲಿ ಭೂಮಿ ದುಪ್ಪಟ್ಟಾಯಿತು, ಸಾಲ ವಸೂಲಿಯಲ್ಲಿ ಸರ್ಕಾರದ ಹಕ್ಕು ಸಾಲ ಕೊಟ್ಟ ಖಾಸಗಿಯವರ ಹಿಂದಕ್ಕೆ ಸರಿಯಿತು. ಅದೇ ಭೂಮಿ ಮೂಲನಿವಾಸಿಗಳ ಬದುಕಿನ ನೆಲವಾಗಿತ್ತೆಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಾಮಗಾರಿಯ ಗುತ್ತಿಗೆಯಲ್ಲಿ ನಡೆದ ಲೂಟಿ 1872ರಲ್ಲಿ ಕ್ರೆಡಿಟ್ ಮೊಬಿಲಿಯೆ ಹಗರಣವಾಗಿ ಬಯಲಾಯಿತು. ಕಂಪನಿಗಳ ವಿರುದ್ಧ ಲಿಂಕನ್ ಎಚ್ಚರಿಸಿದ್ದನೆಂದು ಹೇಳುವ ಪತ್ರವೊಂದು ಇಂದಿಗೂ ಹರಿದಾಡುತ್ತದೆ; ಅದು ನಕಲಿಯೆಂದೇ ಇತಿಹಾಸಕಾರರ ಅಭಿಪ್ರಾಯ.

ರಾಜ್ಯಗಳ ಹಕ್ಕನ್ನೇ ಮುರಿದನಲ್ಲ ಎಂಬ ಆಕ್ಷೇಪ ನನಗೆ ಒಪ್ಪಿಗೆಯಾಗುವುದಿಲ್ಲ. ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಉತ್ತರದ ರಾಜ್ಯಗಳ ಮೇಲೆ ಕೇಂದ್ರದ ಬಲವನ್ನು ಹೇರುವ 1850ರ ಕಾಯ್ದೆ ಬಂದದ್ದು ಗುಲಾಮರ ಒಡೆಯರ ಒತ್ತಾಯದಿಂದ. ಯುದ್ಧದಲ್ಲೂ ಕಡ್ಡಾಯ ಸೇನಾಭರ್ತಿಯನ್ನು ಮೊದಲು ತಂದದ್ದು, 1862ರಲ್ಲಿ, ದಕ್ಷಿಣದ ಸರ್ಕಾರವೇ. ಗುಲಾಮಗಿರಿಯಿಂದ ಸುಮಾರು 40 ಲಕ್ಷ ಜನರ ಬಿಡುಗಡೆಗೆ ಬಲವಾದ ಕೇಂದ್ರ ಬೇಕೇ ಇತ್ತು. ಹಾಗಾಗಿ ಲಿಂಕನ್ ಕಾಲದ ಬಗ್ಗೆ ಕೇಳಬೇಕಾದ್ದು ಕೇಂದ್ರ ಎಷ್ಟು ಬೆಳೆಯಿತೆಂದಲ್ಲ, ಯಾರಿಗಾಗಿ ದುಡಿಯಿತೆಂದು. 1865ರ ಜನವರಿಯಲ್ಲಿ ಜನರಲ್ ಶೆರ್ಮನ್, ಬಿಡುಗಡೆಯಾದ ಕುಟುಂಬಗಳಿಗೆ ದಕ್ಷಿಣದ ಕರಾವಳಿಯಲ್ಲಿ ತಲಾ 40 ಎಕರೆವರೆಗೆ ಭೂಮಿ ಹಂಚಲು ಆದೇಶಿಸಿದ. ಲಿಂಕನ್ ಹತ್ಯೆಯ ನಂತರ ಅಧ್ಯಕ್ಷನಾದ ಆಂಡ್ರೂ ಜಾನ್ಸನ್ ಅದೇ ವರ್ಷ ಅದರಲ್ಲಿ ಬಹುಪಾಲನ್ನು ಹಳೆಯ ಒಡೆಯರಿಗೆ ಮರಳಿಸಲು ಮುಂದಾದ. ರೈಲ್ವೆ ಕಂಪನಿಗಳ ಭೂಮಿ ಅವುಗಳ ಬಳಿಯೇ ಉಳಿಯಿತು.