ಎದೆ ಡವಡವ: ಹೆದರಿಕೆಯೋ, ಕಾಯಿಲೆಯೋ?

ಪಾಲಕ್ಕೋಡಿನ ಮಂಡಿಯಲ್ಲಿ ಟೊಮೇಟೊ ಬೆಲೆ ಬಿದ್ದು, ಲಾರಿ ಬಾಡಿಗೆಯೂ ಹುಟ್ಟದ ದಿನ ಯಾರ ಎದೆ ತಾನೇ ಹೊಡೆದುಕೊಳ್ಳುವುದಿಲ್ಲ? ಸೇಲಂ, ಧರ್ಮಪುರಿ ಕಡೆಯ ನಮ್ಮ ಜನ ಮನೆಯೊಳಗೆ ಇದಕ್ಕೆ 'ಎದೆ ಡವಡವ' ಅಂತಾರೆ, ಪೇಟೆಗೆ ಬಂದರೆ 'ಪಡಪಡಪ್ಪು' ಅಂತಾರೆ. ತೊಡಕು ಶುರುವಾಗುವುದೇ ಈ ಮಾತಿನಲ್ಲಿ. ತಮಿಳಿನ ಪಡಪಡಪ್ಪು ಮನಸ್ಸಿನ ಕಳವಳಕ್ಕೂ ಸಲ್ಲುತ್ತದೆ, ಗುಂಡಿಗೆ ಓಡುವುದಕ್ಕೂ ಸಲ್ಲುತ್ತದೆ. 'ಪಡಪಡಪ್ಪಾ ಇರುಕ್ಕು ಸಾರ್' ಎಂದಷ್ಟೇ ಹೇಳಿ ಸುಮ್ಮನಾದರೆ ಡಾಕ್ಟರು ಯಾವುದೆಂದು ಹಿಡಿಯಬೇಕು? ಹಿಂದೆ ಚೀಟಿ ಹಿಡಿದವರ ಸಾಲು ಬೇರೆ. 'ಟೆನ್ಷನ್ ಮಾಡ್ಕೋಬೇಡಿ, ಹೋಗಿ' ಎಂಬ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ಹೆಂಗಸರಾದರೆ ಇನ್ನೂ ಸುಲಭ. ಊರಿಗೆ ಬಂದರೆ ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ತಾಯತ.

ಇದು ನಮ್ಮ ಕಡೆಯ ಕಥೆ ಮಾತ್ರ ಅಲ್ಲ. ಗುಂಡಿಗೆಯೊಳಗಿನ ವಿದ್ಯುತ್ ದಾರಿಯ ದೋಷದಿಂದ ಎದೆ ಓಡುತ್ತಿದ್ದ 107 ಜನರನ್ನು ಅಮೆರಿಕದ ವೈದ್ಯರು ಪರೀಕ್ಷಿಸಿ 1997ರಲ್ಲಿ ವರದಿ ಬರೆದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಾಯಿಲೆ ಮೊದಲ ತಪಾಸಣೆಯಲ್ಲಿ ಗೊತ್ತೇ ಆಗಿರಲಿಲ್ಲ. ಹಾಗೆ ತಪ್ಪಿಹೋದವರಲ್ಲಿ ಅನೇಕರಿಗೆ ಸಿಕ್ಕ ಉತ್ತರ ಗಾಬರಿ, ಒತ್ತಡ ಎಂಬುದೇ. ಅಂಥ ದೇಶದಲ್ಲೇ ಹೀಗೆಂದರೆ ನಮ್ಮ ಪೆನ್ನಾಗರ, ಮೇಟ್ಟೂರಿನ ಮಾತೇನು?

ಹಾಗಾದರೆ ಬೇರ್ಪಡಿಸುವುದು ಹೇಗೆ? ಮೊದಲ ಕೆಲಸ ನಾಡಿ ಎಣಿಸುವುದು. ಮುಂಗೈಯಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳಿಂದ ನೋಡಬೇಡಿ, ಅದಕ್ಕೂ ತನ್ನದೇ ಮಿಡಿತ ಇದೆ. ಗಡಿಯಾರ ನೋಡುತ್ತಾ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಮಿಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ಸುಮ್ಮನೆ ಕುಳಿತ ದೊಡ್ಡವರಿಗೆ 60ರಿಂದ 100 ಸಹಜ. ಮನೆಯಲ್ಲಿ ಬಿ.ಪಿ. ಮಿಷನ್ ಇದ್ದರೆ ಕೆಳಗಿನ ಸಣ್ಣ ಅಂಕಿ ನಾಡಿಯದೇ. ಯಾರೂ ಅದನ್ನು ನೋಡುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಹೇಗೆ ಶುರುವಾಯಿತು, ಹೇಗೆ ನಿಂತಿತು? ಹೆದರಿಕೆಯ ಓಟ ಸಾಮಾನ್ಯವಾಗಿ ಮೆಟ್ಟಿಲು ಹತ್ತಿದಂತೆ ಏರುತ್ತದೆ, ಹಾಗೇ ಇಳಿಯುತ್ತದೆ. ಗಾಬರಿ ಹತ್ತು ನಿಮಿಷದೊಳಗೆ ತುದಿ ಮುಟ್ಟುವುದೇ ಹೆಚ್ಚು. ಜೋರಾಗಿ ಉಸಿರು ಎಳೆಯುವುದರಿಂದ ತುಟಿ, ಬೆರಳ ತುದಿ ಜುಮುಜುಮು ಎನ್ನುತ್ತದೆ. ಆದರೆ ವಿದ್ಯುತ್ ದೋಷದ ಓಟ ಸ್ವಿಚ್ ಹಾಕಿದಂತೆ: ಊಟಕ್ಕೆ ಕೂತಿದ್ದಾಗಲೋ, ದನಕ್ಕೆ ಹುಲ್ಲು ಹಾಕಲು ಬಗ್ಗಿದಾಗಲೋ ಒಮ್ಮೆಲೇ 150, 180, ಕೆಲವೊಮ್ಮೆ 200ರ ಮೇಲೂ ಹೋಗಿ, ಒಮ್ಮೆಲೇ ಫಟ್ಟನೆ ನಿಲ್ಲುತ್ತದೆ. ಕುತ್ತಿಗೆಯಲ್ಲೂ ಬಡಿತ ಕಾಣಬಹುದು. ಇದರ ಮಿಡಿತ ಮಗ್ಗದ ಸದ್ದಿನ ಹಾಗೆ ಒಂದೇ ಹದ. ಹದ ತಪ್ಪಿ ಎದ್ವಾತದ್ವಾ ಓಡಿದರೆ ಅದು ಬೇರೆ ಜಾತಿ; ವಯಸ್ಸಾದವರಲ್ಲಿ, ಚಿಕ್ಕಂದಿನ ಕೀಲುವಾತದ ಜ್ವರದಿಂದ ಕವಾಟ ಕೆಟ್ಟವರಲ್ಲಿ ಕಾಣುತ್ತದೆ. ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಲಕ್ವ ಹೊಡೆಯುವ ಅಪಾಯ ಅದರಲ್ಲಿದೆ.

ಹೃದಯ ನೆಟ್ಟಗಿದ್ದೂ ಎದೆ ಓಡಬಹುದು. ಊಟ ಚೆನ್ನಾಗಿ ಮಾಡ್ತಾನೆ, ಮೈ ಮಾತ್ರ ಇಳೀತಿದೆ, ಕೈ ನಡುಗುತ್ತೆ, ಸೆಖೆ ತಡೆಯಲ್ಲ ಅಂದರೆ ಥೈರಾಯಿಡ್ ನೋಡಿಸಿ. ಅವರಿಗೆ ನಿದ್ದೆಯಲ್ಲೂ ನಾಡಿ ಜೋರು. ಕಣ್ಣಿನ ಒಳರೆಪ್ಪೆ ಬಿಳಿಚಿ, ಏರು ಹತ್ತಿದರೆ ಏದುಸಿರು ಬಂದರೆ ರಕ್ತಹೀನತೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಊಟ ಬಿಟ್ಟು ಸಂತೆಗೆ ಹೋದವನಿಗೆ ಬೆವರು, ನಡುಕ, ಡವಡವ ಬಂದರೆ ಅದು ಸಕ್ಕರೆ ಇಳಿದದ್ದು. ತಕ್ಷಣ ಸಕ್ಕರೆ ನೀರೋ ಬೆಲ್ಲವೋ ಕೊಡಬೇಕು. ಉಬ್ಬಸದ ಔಷಧ, ಕೆಲವು ನೆಗಡಿ ಮಾತ್ರೆ, ಖಾಲಿ ಹೊಟ್ಟೆಯ ಮೂರನೇ ಕಾಫಿ, ಬೀಡಿ, ಬಿಸಿಲಲ್ಲಿ ನೀರು ಕುಡಿಯದೇ ಇರುವುದು, ಇವೂ ಪಟ್ಟಿಯಲ್ಲಿವೆ. ಹೊಲಕ್ಕೆ ಔಷಧಿ ಹೊಡೆದ ದಿನ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು ಎಂದರೆ ಕಾಯಬೇಡಿ. ಬಟ್ಟೆ ಬಿಚ್ಚಿ ಮೈ ತೊಳೆದು, ಡಬ್ಬಿಯ ಹೆಸರು ತೋರಿಸಲು ಅದನ್ನೂ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಓಡಿ.

ಒಂದು ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ: 'ಇ.ಸಿ.ಜಿ. ತೆಗೆಸಿದೆ, ನಾರ್ಮಲ್ ಬಂತು.' ಓಟ ನಿಂತ ಮೇಲೆ ತೆಗೆದ ಇ.ಸಿ.ಜಿ. ಮಳೆ ನಿಂತ ಮೇಲೆ ಅಂಗಳ ನೋಡಿದಂತೆ. ಎದೆ ಓಡುತ್ತಿರುವಾಗಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋಗಿ 'ಈಗ್ಲೇ ತೆಗೀರಿ' ಎನ್ನಬೇಕು. ಅದಾಗದಿದ್ದರೆ 24 ಗಂಟೆ ಮೈಗೆ ಕಟ್ಟುವ ಯಂತ್ರ ಇದೆ. ಸೇಲಂನ ಮೋಹನ್ ಕುಮಾರಮಂಗಲಂ ಆಸ್ಪತ್ರೆಯೋ ಧರ್ಮಪುರಿ ವೈದ್ಯಕೀಯ ಕಾಲೇಜೋ ಹತ್ತಿರವಿದ್ದರೆ ಅಲ್ಲಿ ವಿಚಾರಿಸಿ. ದೋಷ ಸಿಕ್ಕರೆ ಅದಕ್ಕೆ ಮದ್ದಿದೆ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ ಕೆಟ್ಟ ದಾರಿಯನ್ನು ಸುಟ್ಟುಬಿಡುವ ಚಿಕಿತ್ಸೆಯಿಂದ ಸ್ವಿಚ್ ಜಾತಿಯ ಓಟದವರಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಬೆಂಗಳೂರಿನ ಜಯದೇವದಲ್ಲಿ ಅದು ನಡೆಯುತ್ತದೆ.

ಎಲ್ಲ ತಪಾಸಣೆಯೂ ಸರಿಯಾಗಿ ಬಂದು ಕೊನೆಗೆ ಉಳಿದದ್ದು ಮನಸ್ಸಿನ ಗಾಬರಿ ಎಂದರೆ? ಅದು ನಾಟಕ ಅಲ್ಲ, ನಾಚಿಕೆಯೂ ಅಲ್ಲ. ಸಾಲ, ಮಗಳ ಮದುವೆ, ಬತ್ತಿದ ಬೋರು ತಲೆಯಲ್ಲಿ ಕೂತರೆ ಗುಂಡಿಗೆ ಕೇಳಿಸಿಕೊಳ್ಳುತ್ತದೆ. ಬರುವ ಹೊತ್ತಿಗೆ ಮೂಗಿಂದ ಮೆಲ್ಲನೆ ಎಳೆದು ಅದಕ್ಕಿಂತ ನಿಧಾನ ಬಿಟ್ಟರೆ ಇಳಿಯುತ್ತದೆ. ಪದೇಪದೇ ಬಂದರೆ ಮಾತಿನ ಚಿಕಿತ್ಸೆ, ಔಷಧಿ ಎರಡೂ ಇವೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯ 14416ಕ್ಕೆ ಫೋನ್ ಮಾಡಿದರೆ ತಮಿಳು, ಕನ್ನಡ ಎರಡರಲ್ಲೂ ಮಾತಾಡಬಹುದು. ಎರಡೂ ಒಟ್ಟಿಗೆ ಇರುವವರೂ ಉಂಟು. ಎದೆ ಓಡುವ ಕಾಯಿಲೆಯೇ ಹೆದರಿಕೆ ಹುಟ್ಟಿಸುತ್ತದಲ್ಲ!

ಎದೆ ನೋವು, ಕಣ್ಣು ಕತ್ತಲೆ ಬಂದು ಬೀಳುವುದು, ಉಸಿರು ಕಟ್ಟುವುದು, ಓಡುವಾಗ ಮೂಟೆ ಹೊರುವಾಗಲೇ ಎದೆ ಹೊಡೆದುಕೊಳ್ಳುವುದು, ಇವಿದ್ದರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಇದ್ದಕ್ಕಿದ್ದಂತೆ ಸತ್ತಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಉಳಿದವರು ಒಂದು ಚೀಟಿ ಇಟ್ಟುಕೊಳ್ಳಿ: ಎಷ್ಟು ಗಂಟೆಗೆ ಬಂತು, ಏನು ಮಾಡುತ್ತಿದ್ದಿರಿ, ನಾಡಿ ಎಷ್ಟು, ಹೇಗೆ ನಿಂತಿತು, ಯಾವ ಮಾತ್ರೆ ನುಂಗುತ್ತೀರಿ. ತಮಿಳು ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಲಿ ಬರೆಸಿ. ಡಾಕ್ಟರ ಮುಂದೆ 'ಪಡಪಡಪ್ಪು' ಎನ್ನುವ ಬದಲು ಆ ಚೀಟಿ ಕೊಡಿ.