ದಂಡದೊದೆತದಲ್ಲಿ ಛಲವಿಚಾರ

ಛಲವೆಂಬ ಶಬ್ದಕ್ಕೆ ಕನ್ನಡದಲ್ಲಿ ಒಂದು, ಸಂಸ್ಕೃತದಲ್ಲಿ ಮತ್ತೊಂದು ಅರ್ಥವು ರೂಢವಾಗಿರುವದು ವಿದ್ವಾಂಸರಿಗೆ ವಿದಿತವೇ ಇದೆ. ಹಿಡಿದುದನ್ನು ಬಿಡದ ದೃಢತೆಯೇ ಕನ್ನಡದ ಛಲ. ಅಣ್ಣಿಗೇರಿಯು ತಾಯಿಯ ಕಡೆಯ ಊರಾಗಿದ್ದ ಪಂಪನು ತನ್ನ ಭಾರತದ ಕೊನೆಯಲ್ಲಿ ಈ ಗುಣಕ್ಕೆ ದುರ್ಯೋಧನನನ್ನೇ ನಿದರ್ಶನವಾಗಿ ನಿಲ್ಲಿಸಿದನು. ಸಂಸ್ಕೃತದ ಛಲವಾದರೋ ವಂಚನೆ. ಗೌತಮನ ನ್ಯಾಯಸೂತ್ರವು ಇದನ್ನು ಹದಿನಾರು ಪದಾರ್ಥಗಳಲ್ಲಿ ಒಂದಾಗಿ ಎಣಿಸುತ್ತದೆ. ‘ನವಕಂಬಲ’ನೆಂದರೆ ಹೊಸ ಕಂಬಳಿಯವನೆಂದು ಒಬ್ಬನು ಹೇಳುತ್ತಿರಲು, ಇವನಿಗೆ ಒಂಬತ್ತು ಕಂಬಳಿಗಳೆಲ್ಲಿವೆಯೆಂದು ಎದುರಾಳಿಯು ಕೇಳುವದೇ ಅದರ ಪ್ರಸಿದ್ಧ ಉದಾಹರಣೆ. ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದದಲ್ಲಿ ಛಲಕ್ಕೆ ಎಡೆಯಿಲ್ಲ. ಜಯಕ್ಕಾಗಿ ನಡೆಯುವ ಜಲ್ಪದಲ್ಲಿ ಎಡೆಯುಂಟು.

ಆಟವು ಜಲ್ಪದ ಜಾತಿಗೆ ಸೇರಿದುದು. ಅಲ್ಲಿ ಎಷ್ಟು ಛಲ ಸಲ್ಲುವದು, ಎಲ್ಲಿಂದ ಮುಂದೆ ಅದು ಮೋಸವಾಗುವದು ಎಂಬ ಪ್ರಶ್ನೆಗೆ ಫುಟ್‌ಬಾಲಿನ ಪೆನಾಲ್ಟಿ ಕಿಕ್ಕಿನಷ್ಟು ಸ್ಪಷ್ಟವಾದ ಉತ್ತರವನ್ನು ಕೊಡುವ ನಿಯಮ ವಿರಳ.

ಈ ಒದೆತವನ್ನು ಸೂಚಿಸಿದವನು ಐರ್ಲೆಂಡಿನ ಗೋಲ್‌ಕೀಪರನಾದ ವಿಲಿಯಂ ಮೆಕ್ರಮ್. ೧೮೯೧ರ ಜೂನ್ ೨ರಂದು ಅಂತರರಾಷ್ಟ್ರೀಯ ನಿಯಮಮಂಡಲಿಯು ಇದನ್ನು ಅಂಗೀಕರಿಸಿತು. ಸಭ್ಯನಾದ ಆಟಗಾರನು ಬೇಕೆಂದು ಮೋಸಮಾಡುವನೆಂದು ಊಹಿಸುವದೇ ಅಪಮಾನವೆಂದು ಅಂದಿನ ಹವ್ಯಾಸಿ ಆಟಗಾರರು ಆಕ್ಷೇಪಿಸಿದರು. ಮೋಸವನ್ನು ದಂಡಿಸಲು ಹುಟ್ಟಿದ ಒದೆತದೊಳಗೇ ಮುಂದೆ ಮೋಸದ ಪ್ರಶ್ನೆಯು ತಲೆಯೆತ್ತಿದುದು ವಿಚಿತ್ರವಾದರೂ ಸತ್ಯ.

ಅದು ಹೇಗೆಂದರೆ, ಚೆಂಡನ್ನಿಡುವ ಗುರುತು ಗೋಲಿನಿಂದ ೧೧ ಮೀಟರ್ ದೂರದಲ್ಲಿದೆ. ಗೋಲಿನ ಅಗಲ ೭.೩೨ ಮೀಟರ್, ಎತ್ತರ ೨.೪೪ ಮೀಟರ್. ಗಂಟೆಗೆ ೧೦೦ ಕಿಲೋಮೀಟರ್ ವೇಗದ ಚೆಂಡು ಈ ದೂರವನ್ನು ಸುಮಾರು ೦.೪ ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಚೆಂಡನ್ನು ನೋಡಿದ ಮೇಲೆ ಹಾರಿದರೆ ಗೋಲ್‌ಕೀಪರನಿಗೆ ಹೊತ್ತು ಸಾಲದು. ಆದುದರಿಂದ ಅವನು ಒದೆಯುವವನ ಓಟ, ಸೊಂಟ, ಕಾಲುಗಳ ಚಿಹ್ನೆಯಿಂದ ದಿಕ್ಕನ್ನು ಅನುಮಾನಿಸುತ್ತಾನೆ. ಅನುಮಾನವಿದ್ದಲ್ಲಿ ಹೇತ್ವಾಭಾಸವನ್ನೊಡ್ಡುವ ಎದುರಾಳಿಯೂ ಇದ್ದೇ ಇರುತ್ತಾನೆ.

ನಿಯಮವು ಇಲ್ಲಿ ಒಂದು ಗೆರೆಯನ್ನು ಎಳೆದಿದೆ. ಚೆಂಡಿನ ಕಡೆಗೆ ಓಡುವಾಗ ಒದೆಯುವವನು ವೇಗವನ್ನು ತಗ್ಗಿಸಬಹುದು, ತಡವರಿಸಬಹುದು, ಒಂದು ಕಡೆ ನೋಡಿ ಮತ್ತೊಂದು ಕಡೆಗೆ ಒದೆಯಬಹುದು. ಆದರೆ ಓಟವು ಮುಗಿದ ಮೇಲೆ ಒದೆಯುವಂತೆ ನಟಿಸಿ ಕಾಲನ್ನು ತಡೆದು, ಗೋಲ್‌ಕೀಪರನು ಬಿದ್ದ ಬಳಿಕ ಒದೆಯಲಾಗದು. ಬ್ರಝಿಲಿನಲ್ಲಿ ‘ಪರಡೀನ್ಯಾ’ ಎಂದು ಹೆಸರಾದ ನಿಂತು ಒದೆಯುವ ಪದ್ಧತಿಗೆ ೨೦೧೦ರ ತೀರ್ಮಾನವು ಈ ಮೇರೆಗೆ ಮಿತಿ ಹಾಕಿತು. ೨೦೧೬ರಿಂದ ದಂಡವು ಇನ್ನೂ ಕಠಿಣವಾಯಿತು: ಚೆಂಡು ಗೋಲಿಗೆ ಸೇರಲಿ ಬಿಡಲಿ, ಒದೆದವನಿಗೆ ಹಳದಿ ಚೀಟಿ, ಎದುರು ಪಕ್ಷಕ್ಕೆ ಪರೋಕ್ಷ ಫ್ರೀ ಕಿಕ್. ಪಂದ್ಯದ ಕೊನೆಯ ನಿರ್ಣಯದ ಒದೆತಗಳಲ್ಲಾದರೆ ಅದು ತಪ್ಪಿದ ಒದೆತವೆಂದೇ ಎಣಿಕೆಯಾಗುವದು. ನೈಯಾಯಿಕರು ಇದನ್ನು ನಿಗ್ರಹಸ್ಥಾನವೆಂದಾರು.

ಗೋಲ್‌ಕೀಪರನಿಗೂ ಕಟ್ಟುಪಾಡುಂಟು. ೧೯೨೯ರಲ್ಲಿ ಅವನು ಪಾದಗಳನ್ನು ಅಲುಗಿಸಬಾರದೆಂದಾಯಿತು. ೧೯೯೭ರಲ್ಲಿ ಗೆರೆಯ ಮೇಲೆ ಎಡಬಲಕ್ಕೆ ಸರಿಯಲು ಅನುಮತಿ ದೊರೆಯಿತು. ೨೦೧೯ರಿಂದ ಒದೆಯುವ ಕ್ಷಣದಲ್ಲಿ ಒಂದು ಪಾದವಾದರೂ ಗೆರೆಯನ್ನು ಬಿಡದಿದ್ದರೆ ಸಾಕು. ಒದೆತವನ್ನು ತಡಮಾಡಿಸಿ ಎದುರಿನವನ ಚಿತ್ತವನ್ನು ಅನ್ಯಾಯವಾಗಿ ಕದಡಬಾರದೆಂದು ೨೦೨೩ರಲ್ಲಿ ವಿಧಿಸಲಾಯಿತು.

ನವಲಗುಂದ, ಕುಂದಗೋಳ, ಕಲಘಟಗಿಗಳ ಶಾಲೆಯ ಬಯಲಿನಲ್ಲಿ ಖೋ-ಖೋ ನೋಡಿದವರಿಗೆ ಈ ವಿವೇಕವು ಅಪರಿಚಿತವಲ್ಲ. ಅಟ್ಟುವವನು ಒಮ್ಮೆ ದಿಕ್ಕನ್ನು ಹಿಡಿದನೆಂದರೆ ಕಂಬವನ್ನು ತಲುಪುವ ಮೊದಲು ಹಿಂದಿರುಗುವಂತಿಲ್ಲ. ತಪ್ಪಿಸಿಕೊಳ್ಳುವವನು ಮಾತ್ರ ಸಾಲಿನ ಎಡೆಯಲ್ಲಿ ಸುಳಿದು ಎತ್ತ ಬೇಕಾದರೂ ಹೊರಳಬಹುದು. ಮೇಲುಗೈ ಯಾರಿಗಿರುವದೋ ಅವರಿಗೇ ನಿಯಮವು ಹೆಚ್ಚಿನ ಕಟ್ಟನ್ನು ಹಾಕುತ್ತದೆ.

ಪುರಾಣದ ಸಾಕ್ಷ್ಯವು ಇನ್ನೂ ಸೂಕ್ಷ್ಮವಾಗಿದೆ. ವ್ಯಾಸಭಾರತದ ಶಲ್ಯಪರ್ವದಲ್ಲಿ ಗದಾಯುದ್ಧವು ಕೊನೆಮುಟ್ಟಿದಾಗ ದುರ್ಯೋಧನನು ಭೀಮನನ್ನು ಛಲಿಸುವದಕ್ಕಾಗಿ ಮೇಲಕ್ಕೆ ನೆಗೆಯಲು ಬಯಸುತ್ತಾನೆ. ಭೀಮನು ಆ ಅಭಿಪ್ರಾಯವನ್ನು ತಿಳಿದು, ನೆಗೆದವನ ತೊಡೆಗಳಿಗೆ ಹೊಡೆಯುತ್ತಾನೆ. ಬಲರಾಮನು ಕ್ರುದ್ಧನಾದುದು ದುರ್ಯೋಧನನ ನೆಗೆತಕ್ಕಲ್ಲ, ನಾಭಿಯ ಕೆಳಗೆ ಬಿದ್ದ ಪೆಟ್ಟಿಗೆ. ನೆಗೆತವು ವಂಚನೆಯಾದರೂ ಗದಾವಿದ್ಯೆಯ ಒಳಗಿನದು. ತೊಡೆಯ ಪೆಟ್ಟು ಅದರ ಹೊರಗಿನದು. ಕೃಷ್ಣನು ಭೀಮನ ಪ್ರತಿಜ್ಞೆಯನ್ನೂ ಮೈತ್ರೇಯನ ಶಾಪವನ್ನೂ ಮುಂದಿಟ್ಟು ಸಮಾಧಾನ ಹೇಳಿದರೂ ಬಲರಾಮನು ಒಪ್ಪಲಿಲ್ಲ. ಭೀಮನನ್ನೇ ನಾಯಕನನ್ನಾಗಿ ಮಾಡಿ ಸತ್ಯಾಶ್ರಯನೊಡನೆ ಅಭೇದವನ್ನು ಕಲ್ಪಿಸಿದ ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗಲೂ ಈ ಭೇದವನ್ನು ಮರೆಯಬಾರದು.

ಈ ಭೇದವು ಮಸುಕಾದರೆ ಆಟವೇ ನಿಲ್ಲುವದು. ೨೦೨೩ರ ಮಾರ್ಚ್ ೩ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಹೆಚ್ಚುವರಿ ವೇಳೆಯು ನಡೆದಿರಲು, ಕೇರಳ ಬ್ಲಾಸ್ಟರ್ಸ್ ತಂಡವು ರಕ್ಷಣೆಯ ಗೋಡೆಯನ್ನು ಕಟ್ಟಿ ಸಿದ್ಧವಾಗುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ಕನ್ನು ಒದೆದು ಗೋಲು ಹೊಡೆದರು. ರೆಫರಿಯು ಅದನ್ನು ಮಾನ್ಯಮಾಡಿದರು. ಕೇರಳದವರು ಅನ್ಯಾಯವೆಂದು ಬಯಲನ್ನು ಬಿಟ್ಟು ನಡೆದರು. ಜಯವು ಬೆಂಗಳೂರಿಗೆ ಸಂದಿತು. ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಯ ಶಿಸ್ತುಸಮಿತಿಯು ಬಯಲು ಬಿಟ್ಟ ತಂಡಕ್ಕೆ ೪ ಕೋಟಿ ರೂಪಾಯಿ ದಂಡ ವಿಧಿಸಿತು. ಅದೇ ಬಯಲಿನಲ್ಲಿ ಜುಲೈ ೪ರಂದು ಭಾರತವು ಕುವೈತನ್ನು ಪೆನಾಲ್ಟಿ ಒದೆತಗಳಲ್ಲಿ ೫-೪ರಿಂದ ಸೋಲಿಸಿತು. ಕೊನೆಯ ಒದೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು. ಇಲ್ಲಿ ಸೋತವರು ಬಯಲು ಬಿಡಲಿಲ್ಲ.

ಓಟವು ಯಾವ ಕ್ಷಣಕ್ಕೆ ಮುಗಿಯಿತೆಂಬದನ್ನು ಅಳೆಯುವ ಕೋಲು ನಿಯಮದಲ್ಲಿಲ್ಲ. ಅದನ್ನು ರೆಫರಿಯ ಕಣ್ಣೇ ನಿರ್ಣಯಿಸಬೇಕು. ಆದರೂ ತತ್ತ್ವವು ಸಂದಿಗ್ಧವಲ್ಲ. ೧೯೭೬ರಲ್ಲಿ ಬೆಲ್‌ಗ್ರೇಡಿನಲ್ಲಿ ಪನೆಂಕನು ಓಡಿಬಂದು, ಹಾರಿದ ಗೋಲ್‌ಕೀಪರನು ಬಿಟ್ಟ ನಡುವಿನ ಎಡೆಗೆ ಚೆಂಡನ್ನು ಮೆಲ್ಲನೆ ಎತ್ತಿಹಾಕಿದನು. ಎದುರಾಳಿಯು ಪೂರ್ಣವಾಗಿ ವಂಚಿತನಾದನು, ನಿಯಮವು ಮಾತ್ರ ಭಂಗವಾಗಲಿಲ್ಲ. ಎಲ್ಲಿಗೆ ಒದೆಯುವೆನೆಂಬದನ್ನು ಮರೆಸುವದು ಕೌಶಲ. ಒದೆದೆನೆಂದು ತೋರಿಸಿ ಒದೆಯದಿರುವದು ಕಪಟ. ಮೊದಲನೆಯದು ಎದುರಾಳಿಯ ಅನುಮಾನವನ್ನು ಕೆಡಿಸುತ್ತದೆ. ಎರಡನೆಯದು ಇಬ್ಬರೂ ಒಪ್ಪಿ ನಿಂತ ಕಟ್ಟನ್ನೇ ಕೆಡಿಸುತ್ತದೆ. ಬಲರಾಮನ ಕೋಪಕ್ಕೂ ರೆಫರಿಯ ಸೀಟಿಗೂ ಕಾರಣವು ಇದೊಂದೇ.