ಒಂದು ಡಿಶ್, ಎರಡು ಬಾಕ್ಸ್

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಯಾವ ಮಾಳಿಗೆಯನ್ನೇ ನೋಡಿರಿ, ಆಗ್ನೇಯಕ್ಕೆ ಮುಖಮಾಡಿದ ಡಿಶ್ಶೊಂದು ಕಾಣುವುದು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವದಲ್ಲಿ ನಿಂತಿರುವ ಜಿಸ್ಯಾಟ್-15 ಮುಂತಾದ ಉಪಗ್ರಹಗಳ ಕಡೆಗೆ ಅದರ ದೃಷ್ಟಿ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಮನೆಗಳು ಪಾಲಾಗುತ್ತವೆ. ಈ ಡಿಶ್ಶನ್ನೂ ಪಾಲು ಮಾಡಬಹುದೇ ಎಂಬುದೇ ಪ್ರಕೃತ ವಿಷಯ.

ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿರುವ ಪುಟ್ಟ ಯಂತ್ರಕ್ಕೆ ಎಲ್‌ಎನ್‌ಬಿ ಎಂದು ಹೆಸರು. ಆಕಾಶದಿಂದ ಬರುವ ಅಲೆಗಳಲ್ಲಿ ಕೆಲವು ನೆಟ್ಟಗೆ, ಕೆಲವು ಅಡ್ಡಡ್ಡವಾಗಿ ಕಂಪಿಸುತ್ತವೆ. ಒಂದೇ ಬಾಯಿಯ ಸಾಮಾನ್ಯ ಎಲ್‌ಎನ್‌ಬಿ ಒಮ್ಮೆಗೆ ಒಂದು ಬಗೆಯನ್ನಷ್ಟೇ ಕೆಳಕ್ಕೆ ಕಳಿಸಬಲ್ಲದು. ಯಾವುದನ್ನೆಂದು ಅಪ್ಪಣೆ ಕೊಡುವುದು ಕೆಳಗಿನ ಬಾಕ್ಸು. ಅದು ಅದೇ ಕೇಬಲಿನಲ್ಲಿ 13 ವೋಲ್ಟ್ ಕಳಿಸಿದರೆ ನೆಟ್ಟನೆಯವು, 18 ವೋಲ್ಟ್ ಕಳಿಸಿದರೆ ಅಡ್ಡಲೆಗಳು.

ಮಸ್ಕಿಯಲ್ಲಿ ನನ್ನ ಸೋದರಮಾವಂದಿರಿಬ್ಬರು ಒಂದು ಸ್ಪ್ಲಿಟರ್ ತಂದು ಕೇಬಲನ್ನು ಕವಲೊಡೆಸಿದರು. ಸಂಜೆ ದೊಡ್ಡಮಾವ ವಾರ್ತೆ ಹಚ್ಚಿದೊಡನೆ, ಪಕ್ಕದ ಮನೆಯಲ್ಲಿ ಚಿಕ್ಕಮಾವನ ಮಗಳು ಪರೀಕ್ಷೆಗೆಂದು ನೋಡುತ್ತಿದ್ದ ಪಾಠ ಮಾಯ. ಬೇಕೆಂದೇ ಮಾಡುತ್ತಾರೆಂದು ಆಕೆ, ತಾನೇನೂ ಮುಟ್ಟಿಲ್ಲವೆಂದು ಅವರು! ಇಬ್ಬರ ಮಾತೂ ನಿಜವೇ. ಎರಡು ಅಪ್ಪಣೆಗಳು ಕೂಡಿದಲ್ಲಿ ಹೆಚ್ಚಿನ ವೋಲ್ಟೇ ಗೆಲ್ಲುವುದು. 13 ಕೇಳಿದವರಿಗೆ ಬರಿಯ ತೆರೆ. ಇಬ್ಬರೂ ಬಯಸುವ ಚಾನೆಲುಗಳು ಒಂದೇ ಬಗೆಯವಾದರೆ ಜಗಳವಿಲ್ಲ. ಒಬ್ಬರ ಮನೆಯಲ್ಲಿ ನಡೆದ ಸ್ಪ್ಲಿಟರ್ ಇನ್ನೊಬ್ಬರಲ್ಲಿ ಕೆಡುವುದು ಇದರಿಂದಲೇ. ಅಂಗಡಿಯವನನ್ನು ಬಯ್ದು ಫಲವಿಲ್ಲ.

ಇನ್ನು ಬಲದ ಮಾತು. ಕವಲಿನಲ್ಲಿ ಸಂಕೇತದ ಅರ್ಧಕ್ಕಿಂತ ತುಸು ಕಡಿಮೆಯೇ ಒಬ್ಬೊಬ್ಬರಿಗೆ ದಕ್ಕುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಕಾಶ ತಿಳಿಯಾಗಿದ್ದಾಗ ಅಷ್ಟೂ ಸಾಕು. ಜೋರು ಮಳೆಯಲ್ಲಿ ಚಿತ್ರ ಮೊದಲು ನಿಲ್ಲುವುದು ಇಂಥ ಮನೆಗಳಲ್ಲಿ.

ನಮ್ಮ ಜಿಲ್ಲೆಗೆ ಉಪಗ್ರಹದ ಪಾಲುಗಾರಿಕೆ ಹೊಸತಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು. ಒಂದೇ ಚಿತ್ರದೊಡನೆ ಎರಡು ಧ್ವನಿಗಳು ಬರುತ್ತಿದ್ದವು: ನಮಗೆ ಕನ್ನಡ, ಆಂಧ್ರದವರಿಗೆ ತೆಲುಗು. ಮೇಲಕ್ಕೆ ಅಪ್ಪಣೆ ಕಳಿಸುವ ಪ್ರಮೇಯವಿರಲಿಲ್ಲವಾಗಿ ತಕರಾರೂ ಇರಲಿಲ್ಲ.

ಈಗಿನ ಪರಿಹಾರವೆಂದರೆ ಎರಡು ಬಾಯಿಯ ಎಲ್‌ಎನ್‌ಬಿ. ಡಿಶ್ ಅದೇ, ಬಾಯಿಗೊಂದರಂತೆ ಕೇಬಲ್, ಕೇಬಲಿಗೊಂದು ಬಾಕ್ಸ್. ಪ್ರತಿಯೊಂದರ ಅಪ್ಪಣೆಯೂ ಬೇರೆಬೇರೆಯಾಗಿ ನಡೆಯುವುದು. ಲಿಂಗಸುಗೂರಿನ ಗೆಳೆಯರಂತೆ ನಾಲ್ಕು ಕೋಣೆಯವರು ಕೂಡಿದರೆ ನಾಲ್ಕು ಬಾಯಿಯದೂ ಸಿಗುತ್ತದೆ. ಕೂಡಿಸಿದ ಮೇಲೆ ಕನೆಕ್ಟರುಗಳಿಗೆ ನೀರಿಳಿಯದಂತೆ ಟೇಪು ಸುತ್ತತಕ್ಕದ್ದು.